ಶೇಖಮ್ಮ ಬಳಿದ ಬಾಲ

ಶಹಾಪುರ ಶಾಖಾ ಕಾಲುವೆಯ ದಂಡೆಯ ಮೇಲೆ ನಡೆದು ಹೋದವರು ಶೇಖಮ್ಮನ ಕೈಬರಹ ಕಂಡೇ ಇರುತ್ತಾರೆ. ದೂರ ಹೇಳುವ ಕಲ್ಲುಗಳ ಮೇಲಿನ ಕಪ್ಪು ಅಂಕಿಗಳು, ನೀರಿನ ಮಟ್ಟ ತೋರಿಸುವ ಪಟ್ಟಿಯ ಕೆಂಪು ಗೆರೆಗಳು, ಗೇಟುಗಳ ಮೈಬಣ್ಣ, ಎಲ್ಲ ಅವಳವೇ. ಹನ್ನೆರಡು ವರ್ಷ ದಿನಗೂಲಿಯ ಮೇಲೆ ಆ ಕೆಲಸ ಮಾಡಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರಗಳು ಅವಳಿಗೆ ಪರವೂರಿನ ಜನರಂತೆ, ಅಂಕಿಗಳು ಮಾತ್ರ ಬಳಗದವರಂತೆ. ಎಂಟನ್ನು ಕುಂಚ ಎತ್ತದೆ ಒಂದೇ ಎಳೆಯಲ್ಲಿ ಬರೆಯುತ್ತಿದ್ದಳು.

ಹುಟ್ಟಿದ್ದು ತಿಂಥಣಿಯಲ್ಲಿ, ಕೃಷ್ಣೆಯ ದಡದಲ್ಲಿ. ಅಪ್ಪ ಹರಿಗೋಲು ನಡೆಸುತ್ತಿದ್ದ. ವರ್ಷಕ್ಕೊಮ್ಮೆ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುವಾಗ ಮಗಳ ಕೈಗೂ ಒಂದು ಚಿಂದಿ ಕೊಡುತ್ತಿದ್ದ.

"ಮ್ಯಾಲಿಂದ ಮ್ಯಾಲ ಹಚ್ಚಬೇಕವ್ವ. ನೀರಿಗಿ ಸೂಜಿಯಷ್ಟು ಸಂದು ಸಿಕ್ರ ಸಾಕು, ಒಳಗ ಬಂದು ಕುಂದರ್ತದ" ಎನ್ನುತ್ತಿದ್ದ.

ಆ ಮಾತನ್ನೇ ಅವಳು ಕಾಲುವೆಗೂ ತಂದಳು. ನೀರಾವರಿ ಇಲಾಖೆಯವರು ಗೇಟಿಗೆ ಎರಡು ಕೈ ಬಣ್ಣ ಅಂದರೆ ಅವಳು ಮೂರು ಕೈ ಹಚ್ಚುವಳು. ಮೊದಲು ರೆಡ್ ಆಕ್ಸೈಡು, ಅದು ಒಣಗಿದ ಮೇಲೆ ತಗ್ಗು ಇದ್ದಲ್ಲಿ ಪುಟ್ಟಿ, ಉಜ್ಜಿ, ಮತ್ತೆ ಆಕ್ಸೈಡು, ಆಮೇಲೆ ಎನಾಮಲ್ಲು. ಅವಳು ಬಳಿದ ಗೇಟು ಐದು ಹಂಗಾಮು ನೀರಲ್ಲಿ ನಿಂತರೂ ತುಕ್ಕು ಹಿಡಿಯುತ್ತಿರಲಿಲ್ಲ.

ಗಂಡ ಭಾಗಣ್ಣ ಗುರುಮಠಕಲ್ ಕಡೆಯವನು, ಅದೇ ಇಲಾಖೆಯಲ್ಲಿ ಗೇಟುಗಳ ಮೆಕ್ಯಾನಿಕ್. ಭೀಮರಾಯನಗುಡಿ ಕ್ಯಾಂಪಿನ ಎರಡು ಕೋಣೆಯ ಮನೆ. ಒಬ್ಬಳೇ ಮಗಳನ್ನು ಯಾದಗಿರಿಗೆ ಕೊಟ್ಟಿದ್ದರು. ಮನೆಯ ಹಿಂದೆ ಒಂದು ಪತ್ರಾಸ್ ತಗಡಿನ ಶೆಡ್ಡು, ಆ ಶೆಡ್ಡಿನಲ್ಲಿ ಒಂದು ವಿಮಾನ.

ಭಾಗಣ್ಣ ಹುಡುಗನಾಗಿದ್ದಾಗ ಹೈದರಾಬಾದಿನಲ್ಲಿ, ಬೇಗಂಪೇಟೆಯ ವಿಮಾನದಂಗಳದ ಗೋಡೆಯ ಪಕ್ಕದ ಲೇತ್ ಅಂಗಡಿಯಲ್ಲಿ ಕೆಲಸ ಕಲಿತವನು. ಗೋಡೆಯಾಚೆಯಿಂದ ಸಣ್ಣ ವಿಮಾನಗಳು ಏಳುವುದನ್ನು ನಾಲ್ಕು ವರ್ಷ ನೋಡಿದ್ದ. ಮುಂದೆ ಒಮ್ಮೆ ಅದೇ ಊರಿನ ಆಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತು, ಅದರಲ್ಲಿ ಮನೆಯಲ್ಲೇ ಕಟ್ಟಬಹುದಾದ ಒಂದಾಳಿನ ವಿಮಾನದ ನಕ್ಷೆಗಳು. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ನಕ್ಷೆ ಪೂರ್ತಿ ತಿಳಿಯುತ್ತಿತ್ತು. ಒಂಬತ್ತು ವರ್ಷ ರಜೆಯ ದಿನಗಳಲ್ಲಿ ಕಟ್ಟಿದ. ಅಲ್ಯುಮಿನಿಯಮ್ಮಿನ ಕೊಳವೆ, ತೆಳು ಪ್ಲೈವುಡ್ಡು, ಗುಜರಿಯಿಂದ ತಂದ ಸಣ್ಣ ಎಂಜಿನ್ನು. ಶಹಾಪುರದ ಟೇಲರ್ ಹಸನಸಾಬ ಬಟ್ಟೆ ಹೊಲಿದು ರೆಕ್ಕೆಗಳಿಗೆ ತೊಡಿಸಿ, ಇದ್ದಿಲ ಇಸ್ತ್ರಿಯಿಂದ ಒತ್ತಿ ಬಿಗಿ ಮಾಡಿದ. ಅದರ ಮೇಲೆ ಭಾಗಣ್ಣನೇ ತೆಳು ಲ್ಯಾಕರು, ಅಂದರೆ ಬಣ್ಣವಿಲ್ಲದ ವಾರ್ನಿಷು, ಎಳೆದ.

ಊರು ಸುತ್ತಿ ಬರುವ ಆಸೆ ಭಾಗಣ್ಣನಿಗೆ ಇರಲಿಲ್ಲ. ಅವನು ಹೆಂಡತಿಗೆ ಹೇಳಿದ್ದು ಇಷ್ಟೇ: "ಒಮ್ಮಿ ಗಾಲಿ ನೆಲಾ ಬಿಡ್ಲಿ ಶೇಖಿ. ಒಂದ್ ಗೇಣು ಎದ್ರೂ ಸಾಕು. ಆಮ್ಯಾಲ ಬೇಕಾರ ಕುರಿಗೋಳು ಮಲಗ್ಲಿ ಅದ್ರಾಗ."

ಆದರೆ ಓಡಿಸಲು ಗಟ್ಟಿ ನೆಲ ಬೇಕಿತ್ತು. ಕಾಲುವೆ ಬಂದ ಮೇಲೆ ಸುತ್ತಲಿನ ಬಯಲೆಲ್ಲ ಭತ್ತದ ಗದ್ದೆಯಾಗಿ, ಬೇಸಿಗೆಯಲ್ಲೂ ಒಡ್ಡುಗಳು ಅಡ್ಡ ಬರುತ್ತಿದ್ದವು. ಉಳಿದಿದ್ದ ಮಟ್ಟಸವಾದ ನೆಲ ಒಂದೇ, ಮಾಳಮ್ಮನ ನಾಲ್ಕೆಕರೆ ಹೊಲ, ಸಣ್ಣಕಲ್ಲು ಬೆರೆತ ಗಟ್ಟಿ ಗರಸು. ಅದಕ್ಕೂ ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಹೊಲಗಾಲುವೆ ಕಡಿದಾಗಿತ್ತು. ಜುಲೈ ಹದಿನೈದಕ್ಕೆ ನೀರು ಬಿಡುತ್ತಾರೆಂಬ ಸುದ್ದಿ. ನೀರು ಬಂದರೆ ಆ ನೆಲವೂ ಕೆಸರು.

ಮಾಳಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಕಮತ ಮಾಡುವ ಹೆಂಗಸು, ನಾಲಿಗೆ ಕುಡಗೋಲಿನಂಥದು. ಶೇಖಮ್ಮ ಒಂದು ದಿನ ಹೋಗಿ ಕೇಳಿದಳು.

"ಮಾಳಕ್ಕ, ನೀರು ಬರೋದ್ರಾಗ ಒಂದ್ ಮುಂಜಾನಿ ನಿನ್ನ ಹೊಲಾ ಕೊಡವಾ."

"ಹದಿನೈದು ವರ್ಷ ಆ ನೀರಿಗಿ ಕುತ್ತಿಗಿ ಚಾಚಿ ಕುಂತೀನಿ ನಾ. ಅದು ಬರೋ ದಿನಾ ನಿನ್ನ ಗಂಡನ ಇಮಾನ ನಡುವ ನಿಂತ್ರ, ಇಮಾನದ ಮ್ಯಾಲೇ ನೀರು ಹಾಯಿಸ್ತೀನಿ ನೋಡು."

"ಅದರ ಮುಂಚೆ?"

"ಮುಂಚೆ ಓಡಿಸ್ಕೋರಿ, ಯಾರ್ ಬ್ಯಾಡಂದಾರ. ಗರಸಿನ್ಯಾಗ ಓಡಿಸಿದ್ರ ನಾಕು ಹೆಂಟಿ ಒಡೀತಾವ, ನನಗ ಲಾಭ."

ಹೀಗೆ ಜುಲೈ ಹದಿಮೂರು ಎಂದು ದಿನ ಗೊತ್ತಾಯಿತು. ಜೂನ್ ಮೊದಲ ವಾರಕ್ಕೆ ಕೆಲಸ ಉಳಿದದ್ದು ಬಾಲದ್ದು ಮಾತ್ರ, ಒಂದು ನಿಂತ ಹಲಗೆ, ಎರಡು ಮಲಗಿದ ಹಲಗೆ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ತೊಡಿಸಿ ಲ್ಯಾಕರು ಹಚ್ಚಿ ಆಗಿತ್ತು. ಕಾಲುವೆ ಖಾಲಿ ಇದ್ದ ಆ ದಿನಗಳಲ್ಲೇ ಗೇಟುಗಳ ರಿಪೇರಿ, ಭಾಗಣ್ಣ ಬೆಳಿಗ್ಗೆ ಹೋದರೆ ಸಂಜೆಗೆ ಬರುವನು.

"ಬಾಲದ ಬಣ್ಣ ನೀ ಹಚ್ಚು" ಎಂದ ಒಂದು ದಿನ. "ನಿನ್ನಷ್ಟು ಚೊಲೋ ಈ ಕ್ಯಾಂಪಿನ್ಯಾಗ ಯಾರ್ ಹಚ್ತಾರ?"

ಒಂಬತ್ತು ವರ್ಷದಲ್ಲಿ ಅವನು ವಿಮಾನದ ಒಂದು ತುಂಡನ್ನು ಅವಳ ಕೈಗೆ ಕೊಟ್ಟದ್ದು ಅದೇ ಮೊದಲು. ಶೇಖಮ್ಮ ತಲೆ ಸ್ನಾನ ಮಾಡಿ ಕೆಲಸಕ್ಕೆ ಕುಳಿತಳು.

ಗಿಣಿ ಹಸಿರು ಆರಿಸಿಕೊಂಡಳು. ಮೊದಲ ಕೈ ಹಚ್ಚಿ ಹಲಗೆಗಳನ್ನು ಶೆಡ್ಡಿನ ಮುಂದೆ ಒಣಗಲು ಇಟ್ಟು ಒಲೆಯ ಕಡೆ ಹೋದದ್ದೇ ತಡ, ಖಾಲಿ ಕಾಲುವೆಯೊಳಗಿಂದ ಒಂದು ಸುಳಿಗಾಳಿ ಎದ್ದು ಬಂತು. ಹೊರಗೆ ಬಂದು ನೋಡಿದರೆ ಹಸಿ ಬಣ್ಣದ ತುಂಬ ಮಣ್ಣು, ಹೊಟ್ಟು, ಒಂದು ಕೋಳಿಪುಕ್ಕ. ಅಳಲಿಲ್ಲ ಅವಳು. ಪುಕ್ಕ ಕಿತ್ತಳು. ಒಣಗಲು ಬಿಟ್ಟು, ಪಾಲೀಷ್ ಪೇಪರಿನಿಂದ ಎರಡು ದಿನ ಉಜ್ಜಿದಳು. ಉಜ್ಜಿದಲ್ಲಿ ತಗ್ಗು ಬಿತ್ತು. ತಗ್ಗಿಗೆ ಪುಟ್ಟಿ ತುಂಬಿದಳು. ಮತ್ತೊಂದು ಕೈ, ಅದರ ಮೇಲೆ ಇನ್ನೊಂದು. ಮಳೆಗಾಲ ಎದುರಿಗಿದೆ, ನೀರು ಒಳಗೆ ಹೋಗಬಾರದು. ಅಂಚುಗಳಿಗೆ ಮಾತ್ರ ಇನ್ನೂ ಒಂದು ಕೈ ಹೆಚ್ಚು. ಹತ್ತನೆಯ ದಿನ ಆ ಮೂರು ಹಲಗೆಗಳು ಕನ್ನಡಿಯ ಹಾಗೆ ಮಿಂಚಿದವು. ಒಳಗಿನ ಕಟ್ಟಿಗೆಯ ಎಲುಬುಗಳ ಸುಳಿವೇ ಇಲ್ಲ.

ಭಾಗಣ್ಣ ಸಂಜೆ ಬಂದು ಅಂಗೈ ಆಡಿಸಿದ. "ಶೇಖಿ, ಇದು ಬಣ್ಣ ಅಲ್ಲವಾ, ಬೆಣ್ಣಿ" ಎಂದ. ಆಮೇಲೆ ನಿಂತ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿದ. ಒಂದು ಗಳಿಗೆ ಹಾಗೆಯೇ ನಿಂತ.

"ಯಾಕ್ರಿ, ನಡಾ ಹಿಡೀತೇನು?"

"ಹಾಂ... ನಡಾ" ಎಂದ ಅವನು, ಮೆಲ್ಲಗೆ ಕೆಳಗಿಟ್ಟು.

ಮೂರು ದಿನ ಭಾಗಣ್ಣ ಸರಿಯಾಗಿ ಉಣ್ಣಲಿಲ್ಲ. ಬಾಲ ಜೋಡಿಸಿ, ಶೆಡ್ಡಿನ ತೊಲೆಗೆ ಚೈನಿನಿಂದ ವಿಮಾನವನ್ನು ಎತ್ತಿ ಕಟ್ಟಿ ಏನೋ ನೋಡಿದ, ಇಳಿಸಿದ, ಮತ್ತೆ ಎತ್ತಿದ. ಹೆಂಡತಿ ಒಳಗೆ ಬಂದರೆ ಸುಮ್ಮನೆ ಬೋಲ್ಟು ಒರೆಸುತ್ತ ಕೂರುವನು. ನಾಲ್ಕನೆಯ ದಿನ ಅವನು ಗೋಗಿಯ ಕಡೆಯ ಗೇಟಿಗೆ ಹೋದಾಗ ಶೇಖಮ್ಮ ಕಸ ಹೊಡೆಯಲು ಶೆಡ್ಡಿಗೆ ಹೋದಳು. ವಿಮಾನದ ಮೂತಿಯ ಒಳಗೆ, ಎಂಜಿನ್ನಿನ ಕೆಳಗೆ, ಅವಳದೇ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಬಿಚ್ಚಿದಳು. ಅರೆಯುವ ಕಲ್ಲು! ಎರಡು ದಿನದಿಂದ ಅಡಿಗೆಮನೆಯಲ್ಲಿ ಹುಡುಕುತ್ತಿದ್ದ ಕಲ್ಲು.

ಹಾರಬೇಕಾದ ಗಾಡಿಯ ಮೂತಿಗೆ ಕಲ್ಲು ಯಾಕೆ? ಶೇಖಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹರಿಗೋಲಿನಲ್ಲಿ ಒಂದು ಕಡೆ ದಪ್ಪನೆಯವರು ಕುಳಿತರೆ ಅಪ್ಪ ಇನ್ನೊಂದು ಕಡೆ ಜೋಳದ ಚೀಲ ಇಡಿಸುತ್ತಿದ್ದ. ಇಲ್ಲಿ ದಪ್ಪಗೆ ಕುಳಿತದ್ದು ಯಾವುದು ಎಂಬುದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಪ್ರತಿ ತುಂಡಿನ ಪಕ್ಕ ಭಾಗಣ್ಣ ಪೆನ್ಸಿಲಿನಿಂದ ತೂಕ ಬರೆದಿದ್ದ. ಬಾಲದ ಮೂರು ತುಂಡಿಗೂ ಸೇರಿ ಒಂದು ಅಂಕಿ, ಆರು. ಅವಳು ಬೋಲ್ಟು ಬಿಚ್ಚಿ, ಮೂರನ್ನೂ ಸೀರೆಯಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಟಂಟಂ ಆಟೋ ಹತ್ತಿ ಶಹಾಪುರದಲ್ಲಿ ಕಾಳು ತೂಗುವ ಅಡತಿ ಅಂಗಡಿಗೆ ಹೋದಳು.

"ಏನವ್ವ ಇದು, ಹಸರ ಬಾಗಲಾ?" ಎಂದ ಹಮಾಲ.

"ಇಮಾನದ ಬಾಲ."

"ಬಾಲಾ ಇಷ್ಟ್ ದೊಡ್ಡದಿದ್ರ ಇಮಾನಕ್ಕ ಹುಲ್ಲೆಷ್ಟ್ ಬೇಕಬೇ?"

ಎಲ್ಲರೂ ನಕ್ಕರು. ಶೇಖಮ್ಮನೂ ನಕ್ಕಳು. ತಕ್ಕಡಿಯ ಮುಳ್ಳು ಒಂಬತ್ತೂವರೆಯ ಮೇಲೆ ನಿಂತಾಗ ಅವಳ ನಗು ನಿಂತಿತು. ಆರರ ಜಾಗದಲ್ಲಿ ಒಂಬತ್ತೂವರೆ. ಆ ಮೂರೂವರೆ ಕಿಲೋ ಅವಳ ಹತ್ತು ದಿನದ ಪ್ರೀತಿ, ಪುಟ್ಟಿ, ಹಸಿರು.

ಮನೆಗೆ ಬಂದವಳು ಬಾಲ, ಕಲ್ಲು ಎರಡನ್ನೂ ಮೊದಲಿನಂತೆಯೇ ಕೂಡಿಸಿಟ್ಟು, ಗಂಡನಿಗೆ ಏನೂ ಹೇಳಲಿಲ್ಲ. ಅವನು ಮುಚ್ಚಿಟ್ಟದ್ದನ್ನು ತಾನು ಸರಿಪಡಿಸಿ, ಅರೆಯುವ ಕಲ್ಲನ್ನು ಅಡಿಗೆಮನೆಯಲ್ಲಿ ಇಟ್ಟುಬಿಟ್ಟರೆ ಮಾತೇ ಬೇಕಿಲ್ಲ ಎಂದುಕೊಂಡಳು. ಮರುದಿನ ಅವನು ಹೋದ ಮೇಲೆ ಬಾಲ ಬಿಚ್ಚಿ, ಥಿನ್ನರಿನ ಡಬ್ಬಿ ತೆರೆದು ಬಣ್ಣ ತೊಳೆಯತೊಡಗಿದಳು. ಕಬ್ಬಿಣದ ಗೇಟು ತೊಳೆದಷ್ಟೇ ಸಲೀಸಾಗಿ ಬಂತು ಹಸಿರು. ಪುಟ್ಟಿಯೂ ಬಂತು. ಅದರ ಹಿಂದೆಯೇ ಕೆಳಗಿನ ಲ್ಯಾಕರೂ ಕರಗಿ ಬಂತು. ಮಧ್ಯಾಹ್ನದ ಹೊತ್ತಿಗೆ ತಮಟೆಯ ಹಾಗೆ ಬಿಗಿದಿದ್ದ ಬಟ್ಟೆ ಮುದುಕಿಯ ಕೆನ್ನೆಯಂತೆ ಜೋತುಬಿತ್ತು. ಎರಡು ಕಡೆ ಹರಿದೂ ಹೋಯಿತು.

ಆ ಸಂಜೆ ಭಾಗಣ್ಣ ಬಂದಾಗ ಶೇಖಮ್ಮ ಶೆಡ್ಡಿನ ಹೊಸ್ತಿಲ ಮೇಲೆ ಕುಳಿತಿದ್ದಳು, ಮೊಣಕೈತನಕ ಹಸಿರು. ಪಕ್ಕದಲ್ಲಿ ಅರೆಯುವ ಕಲ್ಲು.

ಅವನು ಕಲ್ಲು ನೋಡಿದ, ಹಲಗೆ ನೋಡಿದ, ಸೈಕಲ್ಲು ಗೋಡೆಗೆ ಒರಗಿಸಿದ.

"ಯಾಕ್ ಹೇಳ್ಲಿಲ್ರಿ ನೀವು?" ಎಂದಳು ಅವಳು. "ಭಾರ ಆಗ್ಯಾದ ಅಂತ ಒಂದ್ ಮಾತು ಅಂದಿದ್ರ ನಾ ಏನು ಬಾವಿ ಬೀಳ್ತಿದ್ನ?"

"ಅಷ್ಟ್ ಚೊಲೋ ಹಚ್ಚಿದ್ದಿ..."

"ಕಲ್ಲು ಕಟ್ಟಿದ್ರ ಎದ್ದೇಳ್ತಿತ್ತೇನು ಅದು?"

ಭಾಗಣ್ಣ ಜೋತುಬಿದ್ದ ಬಟ್ಟೆಯನ್ನು ಬೆರಳಿನಿಂದ ಒತ್ತಿದ. "ಇಲ್ಲ" ಎಂದ. "ಸಮಾ ನಿಂದ್ರತಿತ್ತು. ಏಳ್ತಿರ್ಲಿಲ್ಲ. ಆ ಎಂಜಿನ್‌ಗ ಅಷ್ಟ್ ತಾಕತ್ತಿಲ್ಲ."

"ಮತ್ತ?"

"ಸುಮ್ಮ ಓಡಿಸಿ, ಏಳಲಿಲ್ಲ ಅಂತ ಹೇಳಿ, ಮನಿಗಿ ತರ್ತಿದ್ದೆ."

ಶೇಖಮ್ಮ ಅವನ ಮುಖವನ್ನೇ ನೋಡಿದಳು. ಒಂಬತ್ತು ವರ್ಷ ಒಂದೊಂದು ಬೋಲ್ಟಿಗೂ ಹೈದರಾಬಾದಿಗೆ ಹೋಗಿ ಬಂದ ಮನುಷ್ಯ ಹೆಂಡತಿಯ ಮನಸ್ಸು ನೋಯಬಾರದೆಂದು ಎಲ್ಲವನ್ನೂ ನೆಲದ ಮೇಲೇ ಬಿಡಲು ತಯಾರಾಗಿದ್ದ. ಅವಳಿಗೆ ಸಿಟ್ಟು ಬಂತು.

"ಹುಚ್ಚ ಅದೀರಿ ನೀವು" ಎಂದಳು. "ನಾನೂ ಅದೀನಿ. ಥಿನ್ನರ್ ಹಾಕಿ ನಿಮ್ಮ ಬಟ್ಟಿ ಹಾಳ ಮಾಡೀನಿ. ಇನ್ನ ಎಷ್ಟ್ ದಿನಾ ಅದ?"

"ಇಪ್ಪತ್ತೊಂದು."

"ಹಂಗಾದ್ರ ಏಳ್ರಿ. ಹಸನಸಾಬನ ಕರಕೊಂಡ್ ಬರ್ರಿ."

ಹಸನಸಾಬ ಮರುದಿನವೇ ಟೇಪು, ಕತ್ತರಿ, ಇಸ್ತ್ರಿಪೆಟ್ಟಿಗೆ ಹಿಡಿದು ಬಂದ. ಜೋತುಬಿದ್ದ ಬಟ್ಟೆ ನೋಡಿ ಗಡ್ಡ ಕೆರೆದುಕೊಂಡ.

"ಅಕ್ಕಾ, ನನ್ನ ಮೂವತ್ತು ವರ್ಷದ ಸರ್ವೀಸಿನ್ಯಾಗ ಜಂಪರ್ ಬಿಗಿ ಆತು ಅಂತ ಬಂದವ್ರು ಭಾಳ ಮಂದಿ. ಡೀಲಾ ಮಾಡ್ಕೊಂಡ್ ಬಂದವ್ರು ನೀವೊಬ್ರೇ."

"ಮಾತ್ ಕಮ್ಮಿ ಮಾಡು, ಇದ್ದಿಲಿಗಿ ಗಾಳಿ ಹಾಕು" ಎಂದಳು ಶೇಖಮ್ಮ.

ನಾಲ್ಕು ದಿನಕ್ಕೆ ಹೊಸ ಬಟ್ಟೆ ಬಿಗಿಯಿತು. ಈ ಸಲ ಲ್ಯಾಕರನ್ನೂ ತಾನೇ ಹಚ್ಚುತ್ತೇನೆಂದು ಶೇಖಮ್ಮ ಹಟ ಹಿಡಿದಳು. ಭಾಗಣ್ಣ ಬೇಡ ಅನ್ನಲಿಲ್ಲ, ಒಂದು ಮಾತು ಮಾತ್ರ ಹೇಳಿದ: "ಇಲ್ಲಿ ನೀರಿನ ಅಂಜಿಕಿ ಇಲ್ಲ. ಗಾಳಿ ದಾಟಬಾರದು, ಅಷ್ಟೇ. ಹಚ್ಚಿದ್ದು ಕಾಣಬಾರದು."

ಹಚ್ಚಿದ್ದು ಕಾಣದ ಹಾಗೆ ಹಚ್ಚುವುದು! ಜೀವನವಿಡೀ ಕಾಣುವ ಹಾಗೆ ಹಚ್ಚಿದ ಕೈ ಅದು. ಮೊದಲ ದಿನ ಧೂಳಿಗೆ ಅಂಜಿ, ಬೆಳಗಿನ ತಂಪಿನಲ್ಲಿ ಶೆಡ್ಡಿನ ನೆಲಕ್ಕೆಲ್ಲ ನೀರು ಚಿಮುಕಿಸಿ ಕುಳಿತಳು. ಧೂಳು ಏಳಲಿಲ್ಲ, ಆದರೆ ಲ್ಯಾಕರು ಒಣಗುತ್ತ ಒಣಗುತ್ತ ಬೆಳ್ಳಗೆ ಬೂದಿ ಹಿಡಿದಂತೆ ಆಯಿತು. ಜೂನಿನ ಮೋಡದ ಹಸಿ, ನೆಲದ ಹಸಿ, ಎರಡೂ ಅದರೊಳಗೆ ಹೋಗಿ ಕುಳಿತಿದ್ದವು. ಬೂದಿ ಹಿಡಿದ ಲ್ಯಾಕರಿಗೆ ಬಲವಿಲ್ಲ ಎಂದ ಭಾಗಣ್ಣ. ಮೂರು ದಿನ ಹೋಯಿತು ಅದನ್ನು ಕೊಂಚ ಕೊಂಚವೇ ಒರೆಸಿ ತೆಗೆಯಲು.

ಆಮೇಲೆ ಅವಳು ಕೆಲಸವನ್ನೇ ತಲೆಕೆಳಗು ಮಾಡಿದಳು. ಬೆಳಗಿನ ಬದಲು ಸುಡುಮಧ್ಯಾಹ್ನ. ನೀರು ಚಿಮುಕಿಸುವ ಬದಲು, ಹಿಂದಿನ ದಿನವೇ ನೆಲ ಸಾರಿಸಿ ಒಣಗಿಸುವುದು. ಬಾಗಿಲು ಎಳೆದುಕೊಂಡು ಪತ್ರಾಸಿನ ಕಾವಿನಲ್ಲಿ ಕೂರುವಳು. ಕುಂಚವನ್ನು ಅದ್ದಿ, ಡಬ್ಬಿಯ ಅಂಚಿಗೆ ಒತ್ತಿ ಹಿಂಡಿ, ಮತ್ತೆ ಬಟ್ಟೆಗೆ ಒರೆಸಿ, ಉಳಿದಷ್ಟನ್ನೇ ಎಳೆಯುವಳು. ನಾಲ್ಕು ಎಳೆ ಎಳೆದರೆ ವಾಸನೆಗೆ ತಲೆ ತಿರುಗುತ್ತಿತ್ತು. ಹೊರಗೆ ಬಂದು ಬೇವಿನ ಕೆಳಗೆ ಕುಳಿತು, ಉಸಿರು ತಿಳಿಯಾದ ಮೇಲೆ ಮತ್ತೆ ಒಳಗೆ. ಒಣಗಿದಾಗ ಬಟ್ಟೆಯ ನೂಲು ಕಾಣುತ್ತಿತ್ತು. ನೂಲಿನಾಚೆ ಕಟ್ಟಿಗೆಯ ಎಲುಬುಗಳೂ ಒಂದೊಂದಾಗಿ ಕಾಣುತ್ತಿದ್ದವು, ದೀಪದ ಮುಂದೆ ಹಿಡಿದ ಅಂಗೈಯಲ್ಲಿ ನರ ಕಂಡ ಹಾಗೆ.

ಒಂದು ದಿನ ಮಾಳಮ್ಮ ಮಜ್ಜಿಗೆ ತಂದವಳು ಬಗ್ಗಿ ನೋಡಿದಳು. "ಯವ್ವಾ, ಎಲುಬು ಕಾಣಾಕತ್ಯಾವಲ್ಲ ಶೇಖವ್ವ. ನಾಕು ತುತ್ತು ಬಣ್ಣಾ ಉಣ್ಣಸ್ಬಾರ್ದಾ?"

"ಉಣ್ಣಿಸಿದ್ದೆನವ್ವ ಮಾಳಕ್ಕ. ಉಂಡು ಮ್ಯಾಲ ಏಳಲಿಲ್ಲ."

ಅಂದು ನಗುತ್ತಲೇ ಹೇಳಿದ್ದಳು. ಆದರೆ ಮಾಳಮ್ಮ ಹೋದ ಮೇಲೆ, ಹಸಿರಿನ ಡಬ್ಬಿಯಲ್ಲಿ ಉಳಿದಿದ್ದ ಬಣ್ಣವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಮುಚ್ಚಳ ಬಡಿದು ಬಿಗಿ ಮಾಡಿದಳು.

ಜುಲೈ ಹನ್ನೊಂದಕ್ಕೆ ಮತ್ತೆ ಟಂಟಂ, ಮತ್ತೆ ಅಡತಿ ಅಂಗಡಿ. ಈ ಸಲ ಭಾಗಣ್ಣನೂ ಜೊತೆಗೆ. ಮುಳ್ಳು ಆರನ್ನು ದಾಟಿ ಒಂದು ಕೂದಲು ಮುಂದೆ ನಿಂತಿತು. ಹಮಾಲ "ಒಂದ್ ಉಳ್ಳಾಗಡ್ಡಿ ಜಾಸ್ತಿ" ಎಂದ. ಭಾಗಣ್ಣ ಅಂಗಡಿಯ ನಡುವೆ, ಅಷ್ಟು ಜನರ ಎದುರಿಗೆ, ಹೆಂಡತಿಯ ಕೈ ಹಿಡಿದು ಬಿಟ್ಟ. ಶೇಖಮ್ಮ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು.

ಹದಿಮೂರರ ಬೆಳಿಗ್ಗೆ ಗಾಳಿ ಸಣ್ಣಗಿತ್ತು. ಆರು ಜನ ಸೇರಿ ವಿಮಾನವನ್ನು ಮಾಳಮ್ಮನ ಹೊಲಕ್ಕೆ ನೂಕಿಕೊಂಡು ಹೋದರು. ಹಸನಸಾಬ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಮಾಳಮ್ಮ ತನ್ನ ಹೊಲಗಾಲುವೆಯ ಬಾಯಿಯ ಹತ್ತಿರ ಸಲಿಕೆ ಊರಿ ಕುಳಿತಿದ್ದಳು, ನೀರು ಎರಡು ದಿನ ಮೊದಲೇ ಬಂದುಬಿಟ್ಟರೆ ಎನ್ನುವವಳ ಹಾಗೆ. ಭಾಗಣ್ಣ ಹೊಲದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕುಳಿತ.

ಮೊದಲ ಓಟದಲ್ಲಿ ಎಂಜಿನ್ನು ಕೆಮ್ಮಿ ನಡುವೆಯೇ ನಿಂತಿತು. ಪ್ಲಗ್ಗು ಒರೆಸಿ ಎರಡನೆಯ ಸಲ ಓಡಿಸಿದ. ಬಾಲ ಮೇಲೆದ್ದಿತು. ಅಷ್ಟು ಎಲ್ಲರಿಗೂ ಕಂಡಿತು. ಆಮೇಲೆ ಕೆಂಪು ಧೂಳು ಎದ್ದು ಎಲ್ಲವನ್ನೂ ನುಂಗಿತು.

"ಎದ್ದಿತು! ಖುದಾ ಕಸಮ್, ಎದ್ದಿತು!" ಎಂದು ಹಸನಸಾಬ ಕುಣಿದ.

"ಎಲ್ಲಿ ಎದ್ದಿತೋ ಮಾರಾಯ? ಧೂಳು ಎದ್ದದ" ಎಂದಳು ಮಾಳಮ್ಮ.

"ನಿಮಗ ಕಣ್ಣಿಲ್ಲೇನ್ರಿ?"

"ನನ್ನ ಕಣ್ಣಿನ ಮಾತು ಬಿಡು. ನಿನ್ನ ಟೋಪಿ ಕಣ್ಣ ಮುಚ್ಚ್ಯಾದ, ಅದನ್ನ ಮ್ಯಾಲ ಮಾಡು."

ಭಾಗಣ್ಣ ಇಳಿದು ಬಂದ. ಮುಖದ ತುಂಬ ಮಣ್ಣು. "ಎದ್ದಿತೇನು?" ಎಂದು ಒಬ್ಬೊಬ್ಬರನ್ನೂ ನೋಡಿದ. ಒಳಗೆ ಕುಳಿತವನಿಗೆ ಗರಸಿನ ಕುಲುಕಾಟದಲ್ಲಿ ಏನೂ ಗೊತ್ತಾಗಿರಲಿಲ್ಲ. ಯಾರೂ ಆಣೆ ಇಟ್ಟು ಹೇಳುವಂತಿರಲಿಲ್ಲ. ಪೆಟ್ರೋಲು ಇನ್ನೊಂದು ಓಟಕ್ಕೆ ಆಗುವಷ್ಟು ಮಾತ್ರ.

"ನಿಂದರ್ರಿ, ನಾ ಹೋಗೋತನ ಬಿಡಬ್ಯಾಡ್ರಿ" ಎಂದಳು ಶೇಖಮ್ಮ. ಸೀರೆಯ ನೆರಿಗೆ ಎತ್ತಿ ಸಿಗಿಸಿಕೊಂಡು, ಗಾಳಿ ಬರುವ ಕಡೆಯ ಬದುವಿಗೆ ನಡೆದಳು. ಓಟದ ನಡುಮಧ್ಯಕ್ಕೆ ನೇರವಾಗಿ, ಧೂಳು ಅತ್ತ ಹೋಗುವ ಹಾಗೆ ಜಾಗ ನೋಡಿ, ನೆಲದ ಮೇಲೆ ಬೋರಲು ಮಲಗಿದಳು. ಕೆನ್ನೆಯನ್ನು ಮಣ್ಣಿಗೆ ಹಚ್ಚಿದಳು. ಐವತ್ತರ ಹೆಂಗಸು ಹೊಲದಲ್ಲಿ ಹೀಗೆ ಮಲಗಿದ್ದು ನೋಡಿ ಮಾಳಮ್ಮ "ಏ ಶೇಖವ್ವ, ಏನಾತವ್ವ?" ಎಂದು ಕೂಗಿದಳು. ಶೇಖಮ್ಮ ಕೈ ಎತ್ತಿ ಬೀಸಿದಳು, ಬಿಡ್ರಿ ಎಂದು.

ಎಂಜಿನ್ನಿನ ಸದ್ದು ನೆಲದೊಳಗಿನಿಂದ ಅವಳ ಕೆನ್ನೆಗೆ ಬಂತು. ಮೊದಲು ಮೂತಿ ಕಂಡಿತು, ಆಮೇಲೆ ಎರಡು ಗಾಲಿ. ಗಾಲಿಗಳು ಹೆಂಟೆಗಳ ಮೇಲೆ ಕುಪ್ಪಳಿಸುತ್ತ, ಕಲ್ಲು ಸಿಡಿಸುತ್ತ ಬಂದವು. ಕೆನ್ನೆಗೆ ಬರುತ್ತಿದ್ದ ನಡುಕ ಒಮ್ಮೆಲೇ ನಿಂತಿತು. ಎಂಜಿನ್ನು ಕೂಗುತ್ತಲೇ ಇತ್ತು, ನೆಲ ಮಾತ್ರ ಸುಮ್ಮನಾಗಿತ್ತು. ಎರಡೂ ಗಾಲಿಗಳ ಕೆಳಗೆ ಬಿಸಿಲಿನ ಒಂದು ಪಟ್ಟಿ, ಅದರಾಚೆ ದೂರದ ಜಾಲಿ ಗಿಡಗಳು, ಅವುಗಳ ಬುಡ ಕೂಡ. ಗಾಲಿಗಳು ಸುಮ್ಮನೆ ಗಾಳಿಯಲ್ಲಿ ತಿರುಗುತ್ತ ಅವಳ ಮುಂದೆ ಹಾದುಹೋದವು. ಹಿಂದೆ ಬಾಲ, ಒಳಗಿನ ಎಲುಬೆಲ್ಲ ಬೆಳಕಾಗಿ.

ಆಮೇಲೆ ನೆಲ ಮತ್ತೆ ನಡುಗಿತು. ಎಂಜಿನ್ನು ಆರಿತು.

ಭಾಗಣ್ಣ ಓಡಿ ಬಂದ. ಶೇಖಮ್ಮ ಎದ್ದು ಕುಳಿತಿದ್ದಳು, ಒಂದು ಕೆನ್ನೆ ಪೂರ್ತಿ ಕೆಂಪು ಮಣ್ಣು. ಅವನಿಗೆ ಕೇಳಲು ಉಸಿರಿರಲಿಲ್ಲ. ಅವಳೇ ಹೆಬ್ಬೆರಳು ಕಿರುಬೆರಳು ಅಗಲಿಸಿ ಅವನ ಮುಂದೆ ಹಿಡಿದಳು.

"ಇಷ್ಟು?"

"ಇಷ್ಟು. ಎರಡೂ ಗಾಲಿ."

"ಖರೇ ಹೇಳು ಶೇಖಿ. ನನ್ನ ಮನಸ್ಸಿಗಿ ಅಂತ ಹೇಳಬ್ಯಾಡ."

"ಇನ್ನ ನಿಮ್ಮ ಮನಸ್ಸಿಗಿ ಅಂತ ಏನೂ ಹೇಳಂಗಿಲ್ಲ ನಾ. ಅದು ಮುಗೀತು" ಎಂದಳು ಅವಳು. "ಆ ಜಾಲಿ ಗಿಡದ ಬುಡಾ ಕಂಡೀನಿ, ಗಾಲಿ ಕೆಳಗಿಂದ."

ಭಾಗಣ್ಣ ಅವಳ ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತುಬಿಟ್ಟ. ಅವಳದೇ ಸೆರಗಿನ ತುದಿಯಿಂದ ಅವನು ಅವಳ ಕೆನ್ನೆ ಒರೆಸಲು ಹೋದ, ಅವಳು ಕೈ ತಡೆದಳು.

"ಇರ್ಲಿ ಬಿಡ್ರಿ. ಮಂದಿ ನೋಡಾಕತ್ತಾರ."

ಮಾಳಮ್ಮ ಸಲಿಕೆ ಹೆಗಲಿಗೇರಿಸಿ ಹೊಲದ ನಡುವಿನಿಂದ ನಡೆದು ಬರುತ್ತಿದ್ದಳು. "ಎದ್ದಿತಂತಲ್ಲ? ಚೊಲೋ ಆತು. ಇನ್ನ ತಗೀರಿ ನಿಮ್ಮ ಗಾಡಿ. ನಾಳಿಗಿ ಒಡ್ಡು ಹಾಕೋರು ಬರ್ತಾರ" ಎಂದು ಹೇಳಿ, ವಿಮಾನದ ಹತ್ತಿರ ಹೋಗಿ, ಯಾರೂ ಕರೆಯದೆ ತಾನೇ ರೆಕ್ಕೆಯ ಅಂಚಿಗೆ ಕೈ ಹಚ್ಚಿ ನಿಂತಳು.